ಮೊದಲು ಕುದುರೆ, ಆಮೇಲೆ ಸಿರಿಂಜು

ಮಗೂ, ನಿನ್ನ ಕೈ ಚುರುಕು. ಒಪ್ಪಿದೆ. ಕುದುರೆ ಕಿವಿ ಅಲ್ಲಾಡಿಸುವಷ್ಟರಲ್ಲಿ ಕತ್ತಿನ ನಾಳಕ್ಕೆ ಸೂಜಿ ಹೋಗಿ, ಮದ್ದು ಇಳಿದು, ಸೂಜಿ ಹೊರಗೆ ಬಂದಿರುತ್ತದೆ. ಹೆಬ್ಬಾಳದ ಕಾಲೇಜಿನಿಂದ ಹೊರಬಿದ್ದ ಬೂಟು ಇನ್ನೂ ಸವೆದಿಲ್ಲ, ಆಗಲೇ ಟ್ರೇನರುಗಳು ನಿನ್ನನ್ನು ಹೆಸರು ಹಿಡಿದು ಕರೆಯುತ್ತಾರೆ, ಹೊಗಳುತ್ತಾರೆ. ಹೊಗಳಿದಷ್ಟೂ ನಿನ್ನ ಕೈ ಇನ್ನಷ್ಟು ಚುರುಕಾಗುತ್ತದೆ. ನನಗೆ ಅಳುಕು ಅಲ್ಲೇ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಪ್ರತಿ ಲಾಯದ ಬಾಗಿಲ ಮೇಲೂ ಬರೆಸಬೇಕು ಅಂತ ಎಷ್ಟೋ ಸಲ ನನಗೆ ಅನಿಸಿದೆ.

ಕೂತುಕೋ. ಓಡುವ ಕುದುರೆಯ ರಕ್ತದ ಬಗ್ಗೆ, ಆ ರಕ್ತಕ್ಕೆ ನೀನು ಬೆರೆಸುವ ಮದ್ದಿನ ಬಗ್ಗೆ ನಾಲ್ಕು ಮಾತು ಹೇಳಬೇಕು. ಓದಿದ್ದೇನೆ ಅಂತ ತಲೆ ಆಡಿಸಬೇಡ. ಓದಿರುತ್ತೀಯ. ಪರೀಕ್ಷೆಗೆ ಓದಿದ್ದು ಬೇರೆ, ಬೆಳಗಿನ ಜಾವ ಟ್ರ್ಯಾಕಿನ ಕಂಬಿ ಹಿಡಿದು ನಿಂತಾಗ ತಲೆಗೆ ಇಳಿಯುವುದು ಬೇರೆ.

ಸದ್ಯಕ್ಕೆ ಮದ್ದನ್ನು ಮರೆತುಬಿಡು. ಲಾಯದಲ್ಲಿ ಸುಮ್ಮನೆ ನಿಂತ ಥರೋಬ್ರೆಡ್ ಕುದುರೆಯ ಎಡ ಮೊಣಕೈ ಹಿಂದೆ ಅಂಗೈ ಇಡು. ನಿಮಿಷಕ್ಕೆ 30, 35 ಬಡಿತ. ನಿನ್ನ ಎದೆಬಡಿತದ ಅರ್ಧ. ಅದೇ ಕುದುರೆ ಕೊನೆಯ ಫರ್ಲಾಂಗಿನಲ್ಲಿ ಪ್ರಾಣ ಬಿಟ್ಟು ಓಡುವಾಗ 220 ದಾಟುತ್ತದೆ. ನಾಲ್ಕೈದು ಕಿಲೊ ತೂಗುವ ಹೃದಯ ಅದು. ಆ ವೇಗದಲ್ಲಿ ನಿಮಿಷಕ್ಕೆ 250 ಲೀಟರಿಗೂ ಹೆಚ್ಚು ರಕ್ತ ನೂಕುತ್ತದೆ. ಮೈಯಲ್ಲಿ ಒಟ್ಟು ಇರುವ ರಕ್ತವೇ 45, 50 ಲೀಟರ್. ಲೆಕ್ಕ ಹಾಕು. ಇಡೀ ಮೈಯ ರಕ್ತ ಹತ್ತು ಹನ್ನೆರಡು ಸೆಕೆಂಡಿಗೆ ಒಂದು ಸುತ್ತು ಹಾಕಿ ಬರುತ್ತಿದೆ. ಗ್ಯಾಲರಿಯಲ್ಲಿ ಕೂಗುವವರಿಗೆ ಕಾಣುವುದು ಕಾಲು. ನಿನಗೆ ಕಾಣಬೇಕಾದದ್ದು ಈ ಸುತ್ತು.

ಇನ್ನೊಂದು ಸಂಗತಿ. ಕುದುರೆಗೆ ದೇವರೇ ಒಂದು ಉಗ್ರಾಣ ಕೊಟ್ಟಿದ್ದಾನೆ: ಗುಲ್ಮ. ಕೆಂಪು ರಕ್ತಕಣಗಳಲ್ಲಿ ಮೂರನೇ ಒಂದು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ವಿಶ್ರಾಂತಿಯಲ್ಲಿ ಅಲ್ಲಿ ತಂಗಿರುತ್ತವೆ. ಓಟ ಶುರುವಾದ ಕೂಡಲೇ ಗುಲ್ಮ ಮುದುಡಿ ಎಲ್ಲವನ್ನೂ ಹೊರಗೆ ಹಾಕುತ್ತದೆ. ರಕ್ತದಲ್ಲಿ ಕಣಗಳ ಪಾಲು ನೂರಕ್ಕೆ 40ರಿಂದ 60, 65ರವರೆಗೆ ಏರುತ್ತದೆ. ಮನುಷ್ಯ ಓಟಗಾರರು ಕಳ್ಳದಾರಿಯಲ್ಲಿ ರಕ್ತ ಏರಿಸಿಕೊಂಡು ಸಿಕ್ಕಿಬೀಳುತ್ತಾರಲ್ಲ, ಆ ಲಾಭ ಕುದುರೆಗೆ ಹುಟ್ಟಿನಿಂದಲೇ ಇದೆ. ಜೊತೆಗೆ ಅದರ ಕಷ್ಟವೂ ಇದೆ. ರಕ್ತ ಗಟ್ಟಿಯಾಗುತ್ತದೆ. ಗಟ್ಟಿ ರಕ್ತವನ್ನು ಅಷ್ಟು ವೇಗವಾಗಿ ನೂಕಬೇಕಾದರೆ ಒತ್ತಡ ಏರಲೇಬೇಕು.

ಏರಿದ ಒತ್ತಡ ಎಲ್ಲಿ ಹೋಗಿ ನಿಲ್ಲುತ್ತದೆ? ಶ್ವಾಸಕೋಶದಲ್ಲಿ. ನಿಂತ ಕುದುರೆಯ ಶ್ವಾಸಕೋಶದ ಧಮನಿಯಲ್ಲಿ ಒತ್ತಡ ಪಾದರಸದ 25 ಮಿಲಿಮೀಟರಿನ ಆಸುಪಾಸು. ಪೂರ್ತಿ ಓಟದಲ್ಲಿ ಅದು 100ರ ಹತ್ತಿರ ಹೋಗುತ್ತದೆ, ದಾಟುವುದೂ ಉಂಟು. ಹೃದಯದ ಎಡಭಾಗಕ್ಕೆ ತುಂಬಿಕೊಳ್ಳಲು ಸಮಯವಿಲ್ಲ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಸೆಕೆಂಡಿನ ಕಾಲುಭಾಗದಷ್ಟು ಬಿಡುವು. ಹಾಗಾಗಿ ಒತ್ತಡ ಹಿಂದಕ್ಕೆ ಏರಿ ಸೂಕ್ಷ್ಮ ರಕ್ತನಾಳಗಳ ಮೇಲೆ ಬೀಳುತ್ತದೆ. ಆ ನಾಳಕ್ಕೂ ಗಾಳಿಚೀಲಕ್ಕೂ ನಡುವಿನ ಗೋಡೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟೂ ದಪ್ಪವಿಲ್ಲ. ಗೋಡೆಯ ಒಳಗಿನಿಂದ ರಕ್ತ ದಬ್ಬುತ್ತದೆ, ಹೊರಗಿನಿಂದ ಉಸಿರು ಜಗ್ಗುತ್ತದೆ. ಕುದುರೆಗೆ ಬಾಯಿಂದ ಉಸಿರಾಡಲು ಬರುವುದಿಲ್ಲ, ಮೂಗೊಂದೇ ದಾರಿ. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದು ಉಸಿರು. ಅಷ್ಟು ಗಾಳಿಯನ್ನು ಅಷ್ಟು ಬೇಗ ಎಳೆದುಕೊಳ್ಳುವ ಜಗ್ಗಾಟ ಸಾಮಾನ್ಯದ್ದಲ್ಲ. ಗೋಡೆ ಹರಿಯುತ್ತದೆ. ಗಾಳಿಚೀಲದೊಳಕ್ಕೆ ರಕ್ತ ಬರುತ್ತದೆ. 1990ರ ದಶಕದ ಮೊದಲಲ್ಲಿ ಜಾನ್ ವೆಸ್ಟ್ ಮತ್ತು ಅವರ ಜೊತೆಗಾರರು ಓಡಿದ ಕುದುರೆಗಳ ಶ್ವಾಸಕೋಶವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ಆ ಹರುಕನ್ನು ಕಣ್ಣಾರೆ ತೋರಿಸಿದರು.

ಇದು ಇವತ್ತಿನ ಕಾಯಿಲೆಯಲ್ಲ. ಇಂಗ್ಲೆಂಡಿನಲ್ಲಿ 1716ರಲ್ಲಿ ಹುಟ್ಟಿದ ಬಾರ್ಟ್ಲೆಟ್ಸ್ ಚೈಲ್ಡರ್ಸ್ ಎಂಬ ಗಂಡುಕುದುರೆಗೆ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಜನ ಅದನ್ನು ಬ್ಲೀಡಿಂಗ್ ಚೈಲ್ಡರ್ಸ್ ಅಂತಲೇ ಕರೆದರು. ಮಹಾ ಓಟಗಾರ ಎಕ್ಲಿಪ್ಸ್‌ಗೆ ಅದು ಮುತ್ತಜ್ಜ. ಇವತ್ತು ಕುಣಿಗಲ್ ಫಾರ್ಮಿನ ಹುಲ್ಲು ಮೇದು ಬೆಳೆದ ಮರಿಯಲ್ಲೂ ಎಕ್ಲಿಪ್ಸ್ ವಂಶದ ರಕ್ತ ಹರಿಯುತ್ತಿದೆ. ಮುನ್ನೂರು ವರ್ಷದಿಂದ ವೇಗವನ್ನೇ ಆರಿಸಿ ಆರಿಸಿ ಸಾಕಿದ್ದೇವೆ. ಹೃದಯ ದೊಡ್ಡದಾಯಿತು. ಶ್ವಾಸಕೋಶದ ಗೋಡೆ ಮಾತ್ರ ತೆಳ್ಳಗೇ ಉಳಿಯಿತು, ಏಕೆಂದರೆ ದಪ್ಪವಾದರೆ ಆಮ್ಲಜನಕ ದಾಟುವುದಿಲ್ಲ.

ಈಗ ನಿನ್ನ ಕಣ್ಣಿನ ವಿಷಯ. ಮೂಗಿನಲ್ಲಿ ರಕ್ತ ಕಂಡರೆ ಮಾತ್ರ ಈ ಕುದುರೆ ಬ್ಲೀಡರ್ ಅಂತ ನೀನು ಬರೆಯುತ್ತೀಯ. ಮೂಗಿನವರೆಗೆ ರಕ್ತ ಬರುವುದು ಬಹಳ ಅಪರೂಪ. ಓಟ ಮುಗಿದ ಮೇಲೆ ಎಂಡೋಸ್ಕೋಪು ಹಾಕಿ ಶ್ವಾಸನಾಳ ನೋಡಿದರೆ ಅರ್ಧಕ್ಕಿಂತ ಹೆಚ್ಚು ಕುದುರೆಗಳಲ್ಲಿ ರಕ್ತದ ಗೆರೆ ಸಿಗುತ್ತದೆ. ಮೆಲ್ಬರ್ನಿನಲ್ಲಿ 744 ಕುದುರೆಗಳನ್ನು ಹಾಗೆ ನೋಡಿ 2005ರಲ್ಲಿ ವರದಿ ಮಾಡಿದರು. ರಕ್ತವೇ ಇಲ್ಲದ ಅಥವಾ ಒಂದು ಚುಕ್ಕೆಯಷ್ಟಿದ್ದ ಕುದುರೆಗಳಿಗೆ, ಹೆಚ್ಚು ರಕ್ತವಿದ್ದ ಕುದುರೆಗಳಿಗಿಂತ ಗೆಲ್ಲುವ ಸಾಧ್ಯತೆ ನಾಲ್ಕು ಪಟ್ಟು ಹೆಚ್ಚಿತ್ತು. ನಿನ್ನ ಟ್ರೇನರ್ ‘ಸೋಮಾರಿ ಕುದುರೆ, ಕೊನೆಯಲ್ಲಿ ಕೈ ಕೊಡುತ್ತದೆ’ ಅಂತ ಬೈಯುತ್ತಾನಲ್ಲ, ಆ ಬಡಪಾಯಿ ಎದೆಯಲ್ಲಿ ರಕ್ತ ಇಟ್ಟುಕೊಂಡು ಓಡುತ್ತಿರಬಹುದು. ಬೈಯುವ ಮೊದಲು ನೋಡು.

ಎಂಡೋಸ್ಕೋಪು ಇಲ್ಲದಿದ್ದರೂ ನೋಡಬಹುದು. ನನಗೆ ಇದನ್ನು ಕಲಿಸಿದ್ದು ಯಾವ ಪ್ರೊಫೆಸರೂ ಅಲ್ಲ, ಒಬ್ಬ ಹಿರಿಯ ಸೈಸ್. ಓದು ಬರಹ ಇರಲಿಲ್ಲ. ಓಟ ಮುಗಿಸಿ ಬಂದ ಕುದುರೆಯನ್ನು ನಡೆಸುತ್ತಾ ಅವನು ಅದರ ಗಂಟಲನ್ನೇ ನೋಡುತ್ತಿದ್ದ. ‘ಸಾರ್, ಇವಳು ನುಂಗ್ತಾ ಇದಾಳೆ’ ಅನ್ನುತ್ತಿದ್ದ. ಬಾಯಲ್ಲಿ ಮೇವಿಲ್ಲ, ನೀರಿಲ್ಲ, ಮತ್ತೆ ಮತ್ತೆ ಏನನ್ನು ನುಂಗುತ್ತಾಳೆ? ಶ್ವಾಸನಾಳದಿಂದ ಮೇಲೆ ಬಂದ ರಕ್ತವನ್ನು. ಸ್ಕೋಪು ಹಾಕಿದಾಗೆಲ್ಲ ಅವನ ಮಾತು ನಿಜವಾಗುತ್ತಿತ್ತು. ಕೆಮ್ಮು, ಮೈ ಆರಲು ತಡ, ಸಂಜೆ ಹುರುಳಿಯ ಕಡೆ ಮೂಗು ತಿರುಗಿಸದಿರುವುದು, ಇವೆಲ್ಲ ಅವನಿಗೆ ಗೊತ್ತಿತ್ತು. ನೀನು ಸೈಸ್‌ಗಳ ಜೊತೆ ಮಾತಾಡುವುದೇ ಕಡಿಮೆ. ಡಾಕ್ಟರು ಅನ್ನುವ ಬಿಂಕ ಇರಬೇಕು, ಇರಲಿ. ಆದರೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಕುದುರೆಯ ಜೊತೆ ಇರುವವನು ಅವನು, ನೀನಲ್ಲ. ನಾಳೆಯಿಂದ ಬೆಳಿಗ್ಗೆ ಮೊದಲ ಚಹಾ ಅವರ ಜೊತೆ ಕುಡಿ.

ಈಗ ನಿನ್ನ ಪ್ರೀತಿಯ ಲಾಸಿಕ್ಸ್‌ಗೆ ಬರೋಣ.

ಫ್ಯೂರೋಸಮೈಡ್. ಹೃದಯ ಸೋತು ಕಾಲು ಊದಿಕೊಂಡ ಅಜ್ಜಿಯಂದಿರಿಗೆ ಕೊಡುವ ಅದೇ ಮದ್ದು. ಅಮೆರಿಕದ ರೇಸುಗಳಲ್ಲಿ 1970ರ ದಶಕದಿಂದ ಒಂದೊಂದೇ ರಾಜ್ಯ ಇದಕ್ಕೆ ಒಪ್ಪಿಗೆ ಕೊಡುತ್ತಾ ಬಂತು. ಕೊನೆಗೆ ನ್ಯೂಯಾರ್ಕ್ ಕೂಡ 1995ರಲ್ಲಿ ಬಾಗಿಲು ತೆರೆಯಿತು. ಓಟಕ್ಕೆ ನಾಲ್ಕು ಗಂಟೆ ಮುಂಚೆ 250ರಿಂದ 500 ಮಿಲಿಗ್ರಾಂ ನಾಳಕ್ಕೆ. ಸ್ವಲ್ಪ ಹೊತ್ತಿಗೆ ಕುದುರೆ ಮೂತ್ರ ಹೊಯ್ಯಲು ಶುರುಮಾಡುತ್ತದೆ. ಹತ್ತು ಕಿಲೊ, ಕೆಲವೊಮ್ಮೆ ಅದಕ್ಕೂ ಹೆಚ್ಚು ತೂಕ ನೀರಾಗಿ ಹೋಗುತ್ತದೆ. ರಕ್ತದ ನೀರಿನ ಅಂಶ ತಗ್ಗುತ್ತದೆ. ಹೃದಯಕ್ಕೆ ವಾಪಸು ಬರುವ ರಕ್ತ ಕಡಿಮೆಯಾಗುತ್ತದೆ. ಓಡುವಾಗ ಶ್ವಾಸಕೋಶದಲ್ಲಿ ಏರುವ ಒತ್ತಡ ಒಂದಿಷ್ಟು ಇಳಿಯುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮುರಳಿ ಮನೋಹರ್ ಅವರು ಟ್ರೆಡ್‌ಮಿಲ್ ಮೇಲೆ ಓಡುವ ಕುದುರೆಗಳ ಹೃದಯದೊಳಕ್ಕೇ ಸಣ್ಣ ನಳಿಕೆ ಇಳಿಸಿ ಅಳೆದು 1990ರ ದಶಕದಲ್ಲಿ ಇದನ್ನು ಪ್ರಕಟಿಸಿದರು.

ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಸುಳ್ಳು ಹೇಳಲಾರೆ. ದಕ್ಷಿಣ ಆಫ್ರಿಕಾದಲ್ಲಿ 167 ಕುದುರೆಗಳನ್ನು ಒಂದು ವಾರದ ಅಂತರದಲ್ಲಿ ಎರಡೆರಡು ಸಲ ಓಡಿಸಿದರು. ಒಮ್ಮೆ ಫ್ಯೂರೋಸಮೈಡ್, ಒಮ್ಮೆ ಬರೀ ಉಪ್ಪುನೀರು. ಯಾವುದು ಯಾವಾಗ ಅಂತ ನೋಡುವವರಿಗೂ ಗೊತ್ತಿರಲಿಲ್ಲ. 2009ರಲ್ಲಿ ಫಲಿತಾಂಶ ಬಂತು. ಉಪ್ಪುನೀರು ಕೊಟ್ಟ ದಿನ ರಕ್ತ ಬರುವ ಸಂಭವ ಮೂರು ನಾಲ್ಕು ಪಟ್ಟು ಹೆಚ್ಚು. ಜೋರಾಗಿ ಬರುವ ಸಂಭವ ಏಳರಿಂದ ಹನ್ನೊಂದು ಪಟ್ಟು. ಇಷ್ಟು ಶುದ್ಧವಾಗಿ ಮಾಡಿದ ಪರೀಕ್ಷೆ ಕುದುರೆಗಳ ಲೋಕದಲ್ಲಿ ಕಡಿಮೆ. ಲಾಸಿಕ್ಸ್ ಬರೀ ಬೂಟಾಟಿಕೆ ಅಂತ ವಾದಿಸುವ ಹುಡುಗರಿದ್ದಾರೆ, ಅವರ ಜೊತೆ ಸೇರಬೇಡ.

ಆದರೆ ಕೇಳು. ಮಳೆಗಾಲದಲ್ಲಿ ಕೆರೆ ತುಂಬಿ ಏರಿ ಒಸರತೊಡಗಿದರೆ ಊರವರು ತೂಬು ಎತ್ತಿ ನೀರು ಬಿಡುತ್ತಾರಲ್ಲ, ಲಾಸಿಕ್ಸ್ ಮಾಡುವುದು ಅಷ್ಟೇ. ಮಟ್ಟ ಇಳಿಯುತ್ತದೆ, ಒಸರು ತಗ್ಗುತ್ತದೆ. ಏರಿಯ ಬಿರುಕು ಇದ್ದಲ್ಲೇ ಇರುತ್ತದೆ. ಮತ್ತೆ ಮತ್ತೆ ರಕ್ತ ಬಂದ ಕುದುರೆಯ ಶ್ವಾಸಕೋಶದ ಹಿಂಭಾಗದ ಮೇಲುತುದಿಯಲ್ಲಿ ಸಣ್ಣ ಸಿರೆಗಳ ಗೋಡೆ ದಪ್ಪವಾಗಿ ದಾರಿ ಕಿರಿದಾಗುತ್ತದೆ ಅಂತ ಮಿಷಿಗನ್‌ನ ಪಶುವೈದ್ಯರು ತೋರಿಸಿದ್ದಾರೆ. ದಾರಿ ಕಿರಿದಾದರೆ ಅದರ ಹಿಂದಿನ ನಾಳಗಳಲ್ಲಿ ಒತ್ತಡ ಇನ್ನೂ ಹೆಚ್ಚು, ಮುಂದಿನ ಓಟದಲ್ಲಿ ರಕ್ತ ಇನ್ನೂ ಸುಲಭ. ಇದಕ್ಕೆ ಸಿರಿಂಜಿನಲ್ಲಿ ಮದ್ದಿಲ್ಲ. ವಿಶ್ರಾಂತಿ ಬೇಕು, ದೂಳಿಲ್ಲದ ಲಾಯ ಬೇಕು, ನೆನೆಸಿದ ಹುಲ್ಲು ಬೇಕು, ಕುದುರೆಯನ್ನು ಹೊರಗೆ ಬಿಟ್ಟು ತಿಂಗಳುಗಟ್ಟಲೆ ಕಾಯುವ ಮಾಲೀಕ ಬೇಕು. ಕೊನೆಯದ್ದು ಸಿಗುವುದೇ ಕಷ್ಟ.

ಇನ್ನೊಂದು ಮಾತನ್ನು ಯಾರೂ ಗಟ್ಟಿಯಾಗಿ ಆಡುವುದಿಲ್ಲ. ರಕ್ತ ಬಾರದ ಕುದುರೆಗೂ ಲಾಸಿಕ್ಸ್ ಕೊಡುತ್ತಿದ್ದರು, ಅಮೆರಿಕದಲ್ಲಿ ಹೆಚ್ಚುಕಡಿಮೆ ಎಲ್ಲ ಕುದುರೆಗೂ. ಏಕೆ? ಹತ್ತು ಕಿಲೊ ಹಗುರಾದ ಕುದುರೆ ವೇಗವಾಗಿ ಓಡುತ್ತದೆ. ಜಾಕಿಯ ತೂಕದಲ್ಲಿ ಅರ್ಧ ಕಿಲೊ ಹೆಚ್ಚಾದರೆ ಮುಖ ಸಿಂಡರಿಸುವ ಜನಕ್ಕೆ ಹತ್ತು ಕಿಲೊ ಅಂದರೆ ಏನು ಅಂತ ನಿನಗೆ ಹೇಳಬೇಕೇ? 1999ರಲ್ಲಿ ಪ್ರಕಟವಾದ ಒಂದು ಅಧ್ಯಯನ 22,000ಕ್ಕೂ ಹೆಚ್ಚು ಕುದುರೆಗಳ ದಾಖಲೆ ತೆಗೆದು ನೋಡಿತು: ಫ್ಯೂರೋಸಮೈಡ್ ಪಡೆದವು ವೇಗವಾಗಿ ಓಡಿದ್ದವು, ಹೆಚ್ಚು ಗೆದ್ದಿದ್ದವು, ಹೆಚ್ಚು ಹಣ ತಂದಿದ್ದವು. ಹಾಗಾದರೆ ನೀನು ಸೂಜಿ ಹಾಕಿದ್ದು ಶ್ವಾಸಕೋಶಕ್ಕೋ ಬಹುಮಾನಕ್ಕೋ? ಪ್ರತಿ ಸಲವೂ ಈ ಪ್ರಶ್ನೆಯನ್ನು ನಿನಗೆ ನೀನೇ ಕೇಳಿಕೋ. ಉತ್ತರ ತಡವಾದರೆ ಸೂಜಿಯನ್ನು ಡಬ್ಬಿಗೆ ಹಾಕು.

ಅಲ್ಲಿಯ ಒಳ್ಳೆಯ ಡಾಕ್ಟರುಗಳು ಇದಕ್ಕೆ ಪ್ರತಿಯಾಗಿ ಹೇಳುವ ಮಾತೂ ಇದೆ. ರಕ್ತ ತಡೆಯುವ ಮದ್ದು ಕೈಯಲ್ಲಿದ್ದೂ ಕೊಡದೆ ಓಡಿಸುವುದು ಕ್ರೌರ್ಯವಲ್ಲವೇ ಅಂತ ಅವರು ಕೇಳುತ್ತಾರೆ. ಕುದುರೆಯ ಮೇಲಿನ ಪ್ರೀತಿಯಿಂದಲೇ ಕೇಳುತ್ತಾರೆ, ತಳ್ಳಿಹಾಕುವಂತಿಲ್ಲ. ನಾನು ಬೇರೆ ದಾರಿ ಹಿಡಿದವನು. ಮದ್ದಿಲ್ಲದೆ ಓಡಲಾಗದ ಕುದುರೆ ಆ ದಿನ ಓಡಬಾರದು ಅನ್ನುವುದು ನನ್ನ ನಿಲುವು. ಬ್ರಿಟನ್, ಫ್ರಾನ್ಸ್, ಜಪಾನ್, ಹಾಂಗ್‌ಕಾಂಗ್‌ಗಳಲ್ಲಿ ರೇಸಿನ ದಿನ ಲಾಸಿಕ್ಸ್ ಇಲ್ಲ. ನಮ್ಮ ಬೆಂಗಳೂರು ಮೈಸೂರುಗಳಲ್ಲೂ ಇಲ್ಲ. ಆಸ್ಟ್ರೇಲಿಯಾದಲ್ಲಿ ಎರಡೂ ಹೊಳ್ಳೆಯಲ್ಲಿ ರಕ್ತ ಬಂದರೆ ಮೊದಲ ಸಲ ಮೂರು ತಿಂಗಳು ರೇಸಿಲ್ಲ, ಎರಡನೆಯ ಸಲ ಬಂದರೆ ಜೀವಮಾನವಿಡೀ ಇಲ್ಲ. ಅಮೆರಿಕವೂ ಹಿಂದೆ ಸರಿಯತೊಡಗಿತು. 2021ರ ಕೆಂಟಕಿ ಡರ್ಬಿಯಲ್ಲಿ ಯಾವ ಕುದುರೆಗೂ ಆ ದಿನ ಲಾಸಿಕ್ಸ್ ಕೊಡುವಂತಿರಲಿಲ್ಲ. ಡರ್ಬಿ ನಡೆಯಿತು, ಕುದುರೆಗಳೂ ಓಡಿದವು.

ಇನ್ನು ನಿನ್ನ ಇನ್ನೊಂದು ಚಟ. ತರಬೇತಿಯ ದಿನ ಲಾಸಿಕ್ಸ್ ಜೊತೆಗೆ ಬ್ಯೂಟ್, ಅಂದರೆ ಫಿನೈಲ್‌ಬ್ಯುಟಜೋನ್. ಬ್ಯೂಟ್ ಕೊಟ್ಟರೆ ಕಾಲುನೋವು ಕಡಿಮೆ, ಲಾಸಿಕ್ಸ್ ಕೊಟ್ಟರೆ ರಕ್ತ ಕಡಿಮೆ, ಎರಡೂ ಕೊಟ್ಟರೆ ಎರಡೂ ಕಡಿಮೆ ಅಂತ ನಿನ್ನ ಲೆಕ್ಕ. ಒಂದಕ್ಕೊಂದು ಕೂಡಿಸಿದರೆ ಎರಡಾಗುವುದು ಶಾಲೆಯ ಸ್ಲೇಟಿನ ಮೇಲೆ ಮಾತ್ರ. ಫ್ಯೂರೋಸಮೈಡ್ ಒತ್ತಡ ಇಳಿಸುವುದರಲ್ಲಿ ಮೂತ್ರದ ಪಾಲಿನ ಜೊತೆ ಪ್ರೊಸ್ಟಗ್ಲಾಂಡಿನ್ನುಗಳ ಪಾಲೂ ಇದೆ. ಅವು ಮೂತ್ರಪಿಂಡದಲ್ಲಿ ಹುಟ್ಟಿ ಸಿರೆಗಳನ್ನು ಸಡಿಲಿಸುತ್ತವೆ. ಫಿನೈಲ್‌ಬ್ಯುಟಜೋನ್ ಪ್ರೊಸ್ಟಗ್ಲಾಂಡಿನ್ನನ್ನೇ ತಡೆಯುತ್ತದೆ. ಹಾಗಾಗಿ ಬ್ಯೂಟ್ ಹೋದ ಮೈಯಲ್ಲಿ ಲಾಸಿಕ್ಸ್‌ನ ಕೈ ಅರ್ಧ ಕಟ್ಟಿಹಾಕಿದಂತೆಯೇ ಸರಿ. ನೀನು ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಿದ್ದೀಯ.

ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಪೂರ್ತಿ ಓಟದಲ್ಲಿ ರಕ್ತವೆಲ್ಲ ಕಾಲಿನ ಸ್ನಾಯುಗಳಿಗೂ ಉಸಿರಿನ ವಪೆಗೂ ಹೋಗುತ್ತದೆ. ಕರುಳಿಗೂ ಮೂತ್ರಪಿಂಡಕ್ಕೂ ಪಾಲು ಕಡಿಮೆ. ಲಾಸಿಕ್ಸ್‌ನಿಂದ ಮೊದಲೇ ಒಣಗಿದ ಮೈ, ಬಿಸಿಲಿನಲ್ಲಿ ಬೆವರಿದ ಮೈ, ಅದರ ಮೇಲೆ ಬ್ಯೂಟ್. ಮೂತ್ರಪಿಂಡದ ಒಳಭಾಗಕ್ಕೆ ರಕ್ತ ಹರಿಯುವ ದಾರಿ ತೆರೆದಿಡುತ್ತಿದ್ದ ಪ್ರೊಸ್ಟಗ್ಲಾಂಡಿನ್ ಆಗ ಇಲ್ಲ. ಆ ಭಾಗ ರಕ್ತವಿಲ್ಲದೆ ಸಾಯುತ್ತದೆ. ಕುದುರೆ ಆ ದಿನವೇ ಬೀಳುವುದಿಲ್ಲ, ಗೆದ್ದೂ ಬರಬಹುದು. ತಿಂಗಳು ಕಳೆದ ಮೇಲೆ ಮೈ ಇಳಿದು, ರೋಮ ಮಂಕಾಗಿ, ಹೆಚ್ಚು ನೀರು ಕುಡಿಯತೊಡಗುತ್ತದೆ. ಅಷ್ಟರಲ್ಲಿ ನೀನು ಆ ಕುದುರೆಯನ್ನು ಮರೆತು ಬೇರೆ ಲಾಯದಲ್ಲಿರುತ್ತೀಯ. ಬೆಂಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ತರಬೇತಿಯ ಕುದುರೆಗೆ ಬ್ಯೂಟ್ ಕೊಡುವ ಮುಂಚೆ ನೀರಿನ ತೊಟ್ಟಿ ತುಂಬಿದೆಯೇ, ಅದು ಕುಡಿಯಿತೇ ಅಂತ ನೋಡದ ಡಾಕ್ಟರನ್ನು ನಾನು ಡಾಕ್ಟರ್ ಅನ್ನುವುದಿಲ್ಲ.

ಬ್ಯೂಟ್ ವಿಷಯದಲ್ಲಿ ಡರ್ಬಿಯ ಇತಿಹಾಸವನ್ನೂ ಓದಿಕೋ. 1968ರ ಕೆಂಟಕಿ ಡರ್ಬಿ ಗೆದ್ದ ಡಾನ್ಸರ್ಸ್ ಇಮೇಜ್‌ನ ಮೂತ್ರದಲ್ಲಿ ಅದು ಸಿಕ್ಕಿತು, ಗೆದ್ದ ಬಹುಮಾನ ಕೈಬಿಟ್ಟಿತು, ವರ್ಷಗಟ್ಟಲೆ ನ್ಯಾಯಾಲಯ ಸುತ್ತಿದರೂ ಮರಳಿ ಬರಲಿಲ್ಲ.

ಈಗ ಒಂದು ಪ್ರಯೋಗದ ಕಥೆ. ಇದನ್ನು ಮಾತ್ರ ಮರೆಯಬೇಡ. ಬುದ್ಧಿವಂತರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಶ್ವಾಸಕೋಶದಲ್ಲಿ ಒತ್ತಡ ಹೆಚ್ಚಾಗಿ ರಕ್ತ ಬರುತ್ತದೆ ಅಂದಮೇಲೆ ಒತ್ತಡ ಇಳಿಸಿದರೆ ಆಯಿತಲ್ಲ? ನೀನೂ ಹಾಗೇ ಯೋಚಿಸುತ್ತೀಯ, ನಿನ್ನ ವಯಸ್ಸಿನ ಎಲ್ಲರೂ ಹಾಗೇ. ನೈಟ್ರಿಕ್ ಆಕ್ಸೈಡ್ ಅನಿಲವನ್ನು ಉಸಿರಿನ ಜೊತೆ ಕೊಟ್ಟರೆ ಶ್ವಾಸಕೋಶದ ಧಮನಿಗಳು ಹಿಗ್ಗುತ್ತವೆ, ಒತ್ತಡ ಇಳಿಯುತ್ತದೆ. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದವರು ಥರೋಬ್ರೆಡ್‌ಗಳನ್ನು ಟ್ರೆಡ್‌ಮಿಲ್ ಹತ್ತಿಸಿ, ಆ ಅನಿಲ ಉಸಿರಾಡಿಸಿ, ದಣಿಯುವವರೆಗೆ ಓಡಿಸಿದರು. ಧಮನಿಯ ಒತ್ತಡ ಇಳಿದದ್ದು ನಿಜ. ಆಮೇಲೆ ಶ್ವಾಸಕೋಶವನ್ನು ತೊಳೆದು ಕೆಂಪುಕಣ ಎಣಿಸಿದರು. ರಕ್ತ ಕಡಿಮೆಯಾಗಿರಲಿಲ್ಲ. ಹೆಚ್ಚಾಗಿತ್ತು! 2001ರಲ್ಲಿ ಬಂದ ವರದಿ ಅದು.

ಹೇಗೆ? ಧಮನಿಗಳು ಸ್ವಲ್ಪ ಬಿಗಿಯಾಗಿ ಹಿಡಿದಿದ್ದರಿಂದಲೇ ಮುಂದಿನ ಸೂಕ್ಷ್ಮನಾಳಗಳಿಗೆ ಒಂದಿಷ್ಟು ರಕ್ಷಣೆ ಇತ್ತು ಅಂತ ತೋರುತ್ತದೆ. ಹಿಡಿತ ಸಡಿಲವಾಯಿತು, ರಕ್ತ ನೇರವಾಗಿ ತೆಳುಗೋಡೆಯ ಮೇಲೆ ಬಿತ್ತು. ಅಳತೆಪಟ್ಟಿಯ ಸಂಖ್ಯೆ ಚೆನ್ನಾಯಿತು, ಕುದುರೆ ಕೆಟ್ಟಿತು. ನೀನು ಸಂಖ್ಯೆಗೆ ಚಿಕಿತ್ಸೆ ಮಾಡುವವನು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ರಕ್ತನಾಳ ಹಿಗ್ಗಿಸುವ ಮಾತ್ರೆ ಒಂದು ಬಂದಿದೆ, ಬೇರೆ ಊರಿನಲ್ಲಿ ಕೊಡುತ್ತಾರಂತೆ ಅಂತ ಯಾರಾದರೂ ಕಿವಿಯಲ್ಲಿ ಊದಿದರೆ ಈ ಟ್ರೆಡ್‌ಮಿಲ್ ನೆನಪಿಗೆ ಬರಲಿ.

ರಕ್ತದ ಹೆಪ್ಪು ಕರಗದಂತೆ ತಡೆಯುವ ಮದ್ದುಗಳ ಬಗ್ಗೆಯೂ ಕೇಳಿದ್ದೀಯ. ಅಮೈನೊಕ್ಯಾಪ್ರೊಯಿಕ್ ಆಮ್ಲ ಮೊದಲಾದವು. ಒಂದೇ ಮಾತು: ಇಲ್ಲಿ ತೊಂದರೆ ಹೆಪ್ಪುಗಟ್ಟದ್ದಲ್ಲ, ಗೋಡೆ ಹರಿದದ್ದು. ಆ ಮದ್ದುಗಳಿಂದ ರಕ್ತ ನಿಂತದ್ದಕ್ಕೆ ಪುರಾವೆಯಿಲ್ಲ. ಕ್ಲೆನ್‌ಬ್ಯುಟೆರಾಲ್ ಗಾಳಿದಾರಿ ತೆರೆಯುತ್ತದೆ, ಕೆಮ್ಮಿರುವ ಕುದುರೆಗೆ ಕೆಲವು ದಿನ ಒಳ್ಳೆಯದೇ. ಓಡುವಾಗಿನ ಶ್ವಾಸಕೋಶದ ಒತ್ತಡವನ್ನು ಅದು ಇಳಿಸುವುದಿಲ್ಲ, ಬಹುಕಾಲ ಕೊಟ್ಟರೆ ಹೃದಯಕ್ಕೇ ಭಾರ. ಮೂಗಿನ ಮೇಲೆ ಅಂಟಿಸುವ ಪಟ್ಟಿ ಇದೆಯಲ್ಲ, 2014ರಲ್ಲಿ ಕ್ಯಾಲಿಫೋರ್ನಿಯಾ ಕ್ರೋಮ್ ಹಾಕಿಕೊಂಡು ಡರ್ಬಿ ಗೆದ್ದದ್ದು, ಅದನ್ನು ನೋಡಿ ನೀನು ನಕ್ಕಿದ್ದೆ. ಹೊಳ್ಳೆಯ ಮೇಲಿನ ಮೆತ್ತನೆಯ ಭಾಗ ಒಳಕ್ಕೆ ಕುಸಿಯದಂತೆ ಹಿಡಿಯುತ್ತದೆ, ಎಳೆದಾಟ ತಗ್ಗುತ್ತದೆ, ಟ್ರೆಡ್‌ಮಿಲ್ ಪರೀಕ್ಷೆಗಳಲ್ಲಿ ರಕ್ತವೂ ತಗ್ಗಿದೆ. ಮದ್ದಿಲ್ಲ, ಸೂಜಿಯಿಲ್ಲ. ನಗುವಂಥದ್ದೇನಿದೆ?

ಕೊನೆಗೆ, ಹೇಳಲು ಮನಸ್ಸಿಲ್ಲದ, ಹೇಳದಿದ್ದರೆ ತಪ್ಪಾಗುವ ಸಂಗತಿ. ಒಂದು ದಿನ ಯಾರಾದರೂ ಹೆಸರಿಲ್ಲದ ಬಾಟಲಿ ತಂದು ನಿನ್ನ ಕೈಗಿಡುತ್ತಾರೆ. ರಕ್ತ ಕಟ್ಟುವ ಟಾನಿಕ್ಕು ಅನ್ನುತ್ತಾರೆ. ಪರೀಕ್ಷೆಯಲ್ಲಿ ಸಿಗುವುದಿಲ್ಲ ಅಂತ ದನಿ ತಗ್ಗಿಸುತ್ತಾರೆ. ಎರಿಥ್ರೊಪೊಯಿಟಿನ್ ಇರಬಹುದು, ಕೋಬಾಲ್ಟ್ ಇರಬಹುದು. ಗುಲ್ಮವೇ ರಕ್ತವನ್ನು 65ಕ್ಕೆ ಏರಿಸುವ ಪ್ರಾಣಿಗೆ ಇನ್ನಷ್ಟು ಕೆಂಪುಕಣ ತುಂಬಿದರೆ ಆ ರಕ್ತ ಹರಿಯುವುದು ಹೇಗೆ? ಸೂಕ್ಷ್ಮನಾಳದಲ್ಲಿ ತೆವಳುತ್ತದೆ, ಹೃದಯ ತಿಣುಕುತ್ತದೆ. ಇನ್ನೂ ಘೋರ ಸಂಗತಿಯಿದೆ. ಮನುಷ್ಯರಿಗೆ ಮಾಡಿದ ಎರಿಥ್ರೊಪೊಯಿಟಿನ್ನನ್ನು ಕೆಲವು ಕುದುರೆಗಳ ಮೈ ಪರಕೀಯ ಅಂತ ಗುರುತಿಸಿ ಪ್ರತಿಕಾಯ ಹುಟ್ಟಿಸುತ್ತದೆ. ಆ ಪ್ರತಿಕಾಯ ಕುದುರೆಯ ಸ್ವಂತ ಎರಿಥ್ರೊಪೊಯಿಟಿನ್ನನ್ನೂ ಕೊಲ್ಲುತ್ತದೆ. ಮೂಳೆಮಜ್ಜೆ ಕೆಂಪುಕಣ ಮಾಡುವುದನ್ನೇ ನಿಲ್ಲಿಸುತ್ತದೆ. ರಕ್ತ ಹೆಚ್ಚಿಸಲು ಕೊಟ್ಟ ಮದ್ದಿನಿಂದ ರಕ್ತಹೀನತೆ ಬಂದು ಕುದುರೆ ಸಾಯುತ್ತದೆ.

2020ರ ಮಾರ್ಚಿನಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ವಕೀಲರು ಟ್ರೇನರುಗಳು, ಪಶುವೈದ್ಯರು, ಮದ್ದು ಮಾರುವವರು ಸೇರಿ ಎರಡು ಡಜನ್ನಿಗೂ ಹೆಚ್ಚು ಜನರ ಮೇಲೆ ಮೊಕದ್ದಮೆ ಹೂಡಿದರು. ರಕ್ತ ಹೆಚ್ಚಿಸುವ ಮದ್ದುಗಳೂ ಆ ಆರೋಪಪಟ್ಟಿಯಲ್ಲಿದ್ದವು. ಟ್ರೇನರ್ ಹೋರ್ಹೆ ನವಾರೊಗೆ ಐದು ವರ್ಷ ಜೈಲಾಯಿತು. ಅವನು ಪಳಗಿಸಿದ ಕುದುರೆ ಎಕ್ಸ್‌ವೈ ಜೆಟ್ 2019ರಲ್ಲಿ ದುಬೈನ ಗೋಲ್ಡನ್ ಶಾಹೀನ್ ರೇಸ್ ಗೆದ್ದಿತ್ತು, 2020ರ ಜನವರಿಯಲ್ಲಿ ಸತ್ತಿತು. ಹೃದಯಾಘಾತ ಅಂತ ಹೇಳಿದರು. ಆ ಸಾಲು ಓದಿದ ದಿನ ನನಗೆ ಊಟ ಸೇರಲಿಲ್ಲ. ಆ ಗುಂಪಿನಲ್ಲಿದ್ದ ಪಶುವೈದ್ಯರೂ ನಿನ್ನ ಹಾಗೆಯೇ ಯಾವುದೋ ಕಾಲೇಜಿನಲ್ಲಿ ಪ್ರಾಣಿಗಳ ನೋವು ನೀಗಿಸುತ್ತೇವೆ ಅಂತ ಪ್ರತಿಜ್ಞೆ ಮಾಡಿ ಹೊರಬಂದವರು. ಹೆಸರಿಲ್ಲದ ಬಾಟಲಿಯನ್ನು ಮುಟ್ಟಬೇಡ. ಕೈಗೆ ತೆಗೆದುಕೊಂಡು ಆಮೇಲೆ ಯೋಚಿಸುತ್ತೇನೆ ಅನ್ನುವುದೂ ಬೇಡ. ಕೈಗೇ ತೆಗೆದುಕೊಳ್ಳಬೇಡ.

ಈಗ ಎದ್ದು ಹೋಗುವ ಅವಸರ ನಿನ್ನ ಕಾಲಲ್ಲಿ ಕಾಣುತ್ತಿದೆ. ಬೆಳಗಿನ ಕೆಲಸಕ್ಕೆ ಬೇಕಾದದ್ದಷ್ಟು ಹೇಳಿ ಬಿಡುತ್ತೇನೆ.

ಗಟ್ಟಿ ಗ್ಯಾಲಪ್ ಮುಗಿಸಿ ಬಂದ ಕುದುರೆಗೆ ತಕ್ಷಣ ಸ್ಕೋಪು ತುರುಕಬೇಡ. ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕಾಯಿ. ಶ್ವಾಸಕೋಶದ ಆಳದ ರಕ್ತ ಶ್ವಾಸನಾಳಕ್ಕೆ ಏರಿ ಬರಲು ಅಷ್ಟು ಹೊತ್ತು ಬೇಕು. ಅಷ್ಟರಲ್ಲಿ ಸೈಸ್ ನಡೆಸುತ್ತ ಕಂಡದ್ದೇನು ಅಂತ ಕೇಳು. ಆಮೇಲೆ ನೋಡು. ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಕ್ರಮ ನಿನಗೆ ಗೊತ್ತು. ಎರಡೋ ಮೂರೋ ಅಂತ ಅನುಮಾನ ಬಂದಾಗ ಟ್ರೇನರಿನ ಮುಖ ನೋಡಿ ಒಂದು ಅಂತ ಬರೆಯಬೇಡ. ದಿನಾಂಕ, ದೂರ, ಟ್ರ್ಯಾಕಿನ ಸ್ಥಿತಿ, ಅಂಕ, ಕೊಟ್ಟ ಮದ್ದು, ಪ್ರಮಾಣ, ಗಂಟೆ, ಎಲ್ಲವನ್ನೂ ನಿನ್ನ ಕೈಬರಹದಲ್ಲೇ ಬರೆ. ಲಾಸಿಕ್ಸ್ ಕೊಟ್ಟು ಕೆಲಸ ಮಾಡಿಸಿದ ದಿನ ಮುಂಚೆಯೂ ಆಮೇಲೂ ತೂಗು, ಹೋದ ನೀರು ಎಷ್ಟು ದಿನಕ್ಕೆ ವಾಪಸು ಬಂತು ಅಂತ ನೋಡು. ಮೂತ್ರದ ಜೊತೆ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಕೂಡ ಹೋಗಿರುತ್ತವೆ. ಉಪ್ಪಿನ ಗಟ್ಟಿ ಲಾಯದಲ್ಲಿರಲಿ, ಬರೀ ನೀರೊಂದನ್ನೇ ಇಡಬೇಡ.

ಮೂರು ತಿಂಗಳು ಹಾಗೆ ಬರೆದ ಮೇಲೆ ಒಂದು ಕುದುರೆಯ ಪುಟ ತಿರುವಿ ನೋಡು. ಅಂಕ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಏರುತ್ತಿದ್ದರೆ ಆ ಪುಸ್ತಕ ತೆಗೆದುಕೊಂಡು ಟ್ರೇನರಿನ ಹತ್ತಿರ ಹೋಗು. ಹುಲ್ಲುಗಾವಲಿಗೆ ಬಿಡಬೇಕು ಅಂತ ಹೇಳು. ಅವನು ಸಿಡುಕುತ್ತಾನೆ. ಶನಿವಾರದ ರೇಸಿಗೆ ಆಗಲೇ ಹೆಸರು ಕೊಟ್ಟಾಗಿದೆ ಅನ್ನುತ್ತಾನೆ. ಹೆಸರು ವಾಪಸು ತೆಗೆಯಲು ಇನ್ನೂ ಸಮಯವಿದೆ, ಅರ್ಜಿಗೆ ಬೇಕಾದ ಸರ್ಟಿಫಿಕೇಟು ನಾನೇ ಬರೆದುಕೊಡುತ್ತೇನೆ ಅಂತ ಹೇಳು. ಹೇಳಿ ಅಲ್ಲೇ ನಿಂತುಕೋ.